ಹಿಟಾಚಿ ಮತ್ತು ನೂರಾಹತ್ತು

"ಕಂಪ್ಯೂಟರ್ ಓದಿದೀಯಲ್ಲಪ್ಪ, ನೂರಾಹತ್ತು ಅಂದ್ರೆ ಏನು ಹೇಳು ನೋಡನ."

2019ರ ಮೇ ತಿಂಗಳು. ನಾನು ಇಂಜಿನಿಯರಿಂಗ್ ಮುಗಿಸಿ ಬೆಂಗಳೂರಿನಲ್ಲಿ ಕೆಲಸಕ್ಕೆ ಸೇರಿ ಇನ್ನೂ ಒಂದೂವರೆ ತಿಂಗಳಾಗಿತ್ತು. ಬೆಳಿಗ್ಗೆ ಸಿಲ್ಕ್ ಬೋರ್ಡ್ ಹತ್ತಿರ ಬಸ್ಸಿನಲ್ಲಿ ನೇತಾಡಿಕೊಂಡಿದ್ದಾಗ ಶೆಟ್ಟಿಕೆರೆಯಿಂದ ಚಿಕ್ಕಪ್ಪನ ಫೋನು. ಚಿಕ್ಕಪ್ಪ ಎರಡು ವರ್ಷದ ಹಿಂದೆ ಸಾಲ ಮಾಡಿ ಒಂದು ಸೆಕೆಂಡ್ ಹ್ಯಾಂಡ್ ಹಿಟಾಚಿ ತಗೊಂಡಿದ್ದರು. ಮಳೆ ಬೀಳೋದ್ರೊಳಗೆ ಕೆರೆ ಗೋಡು ತೋಟಕ್ಕೆ ಹೊಡೆಸಿಕೊಳ್ಳಬೇಕು ಅಂತ ಜನ ಸಾಲುಗಟ್ಟಿ ನಿಲ್ಲೋ ಸಮಯ ಅದು. ಅಂಥಾ ಹೊತ್ತಿನಲ್ಲಿ ಯಂತ್ರ ತೋಟದ ಮೂಲೆಯಲ್ಲಿ ನಿಂತು ಹನ್ನೊಂದು ದಿನ ಆಗಿತ್ತು. ಪರದೆ ಮೇಲೆ 110 ಅಂತ ಒಂದು ನಂಬರು, ಪಕ್ಕದಲ್ಲಿ 4 ಅಂತ ಇನ್ನೊಂದು. ಇಂಜಿನ್ ಸ್ಟಾರ್ಟ್ ಆಗುತ್ತೆ, ಆದರೆ ಜೋರಿಲ್ಲ. ಬಕೆಟ್ ಮಣ್ಣಿಗೆ ಹಾಕಿದರೆ ಉಸಿರು ಬಿಡುತ್ತೆ. ತಿಂಗಳ ಕಂತು ಮಾತ್ರ ನಿಲ್ಲೋದಿಲ್ಲ ನೋಡಿ.

ನನಗೆ ಗೊತ್ತಿರಲಿಲ್ಲ. "ಸಂಜೆ ನೋಡಿ ಹೇಳ್ತೀನಿ ಚಿಕ್ಕಪ್ಪ" ಅಂದೆ. ಆ ಸಂಜೆ ಹುಡುಕೋಕೆ ಕೂತವನು ಆ ಎರಡು ನಂಬರಿನ ಹಿಂದೆ ಎಲ್ಲೆಲ್ಲಿಗೋ ಹೋಗಿಬಿಟ್ಟೆ. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಸ್ವಲ್ಪ ಉದ್ದ ಆಗುತ್ತೆ, ಕಾಫಿ ತಗೊಂಡು ಕೂತ್ಕೊಳ್ಳಿ :-)

ಮೊದಲು ಹೆಸರಿನ ವಿಷಯ ಮುಗಿಸೋಣ. ನಮ್ಮ ಕಡೆ ರಬ್ಬರ್ ಚಕ್ರ ಇದ್ದು ಮುಂದೆ ಮೊರ, ಹಿಂದೆ ಕೈ ಇರೋದೆಲ್ಲ "ಜೆಸಿಬಿ". ಚೈನಿನ ಮೇಲೆ ನಡೆದು ಗಿರ್ರನೆ ಸುತ್ತೂ ತಿರುಗೋದೆಲ್ಲ "ಹಿಟಾಚಿ". ಯಾವ ಕಂಪನಿಯದಾದರೂ ಅಷ್ಟೆ. ಚಿಕ್ಕಪ್ಪನದೂ ನಿಜವಾಗಿ ಹಿಟಾಚಿ ಅಲ್ಲ, ಯಾವ ಕಂಪನಿ ಅಂತ ಬರೆಯೋದು ಬೇಡ. ಮಹಾರಾಷ್ಟ್ರದ ಕಡೆ ಇದನ್ನೇ ಪೋಕ್ಲೇನ್ ಅಂತಾರೆ. ಅದು ಫ್ರೆಂಚ್ ಕಂಪನಿಯೊಂದರ ಹೆಸರು. ನಮಗೆ ಹತ್ತಿರದ ಸಂಗತಿ ಏನಂದರೆ, ಎಲ್ ಅಂಡ್ ಟಿ ಕಂಪನಿ ಹೈಡ್ರಾಲಿಕ್ ಎಕ್ಸ್‌ಕವೇಟರ್ ಮಾಡೋಕೆ 1975ರಲ್ಲಿ ಕಾರ್ಖಾನೆ ತೆರೆದದ್ದು ಬೆಂಗಳೂರಿನಲ್ಲೇ. ಮುಂದೆ 1998ರಲ್ಲಿ ಅದು ಜಪಾನಿನ ಕೊಮಾಟ್ಸು ಜೊತೆ ಸೇರಿ ಎಲ್ ಅಂಡ್ ಟಿ-ಕೊಮಾಟ್ಸು ಆಯಿತು. 2013ರಲ್ಲಿ ಪೂರ್ತಿ ಎಲ್ ಅಂಡ್ ಟಿ ಪಾಲಾಯಿತು. ಜೆಸಿಬಿ ಅನ್ನೋದು ಜೋಸೆಫ್ ಸಿರಿಲ್ ಬ್ಯಾಮ್‌ಫೋರ್ಡ್ ಅನ್ನುವ ಇಂಗ್ಲಿಷಿನವನ ಹೆಸರಿನ ಮೊದಲಕ್ಷರಗಳು. 1945ರಲ್ಲಿ ಶುರು ಮಾಡಿದ ಆತನ ಕಂಪನಿ 1979ರಲ್ಲಿ ಎಸ್ಕಾರ್ಟ್ಸ್ ಜೊತೆಗೂಡಿ ಭಾರತಕ್ಕೆ ಬಂತು. ಹಿಟಾಚಿ ಬಂದದ್ದು ಟಾಟಾದವರ ಟೆಲ್ಕೋ ಜೊತೆ, 1984ರ ತಾಂತ್ರಿಕ ಒಪ್ಪಂದದಿಂದ. ಆಮೇಲೆ ಧಾರವಾಡದಲ್ಲೂ ಕಾರ್ಖಾನೆ ಬಂತು. ಹೀಗಾಗಿ ನಮ್ಮ ರಾಜ್ಯಕ್ಕೆ ಈ ಯಂತ್ರಗಳು ಹೊರಗಿನವು ಅಂತ ಹೇಳೋ ಹಾಗಿಲ್ಲ, ಕೆಜಿಎಫ್‌ನ ಬೆಮೆಲ್ ಬೇರೆ ಇದೆ.

ಆ ಕಾಲದ ಯಂತ್ರಗಳಲ್ಲಿ ಕರೆಂಟಿನ ಕೆಲಸ ಬಹಳ ಕಮ್ಮಿ. ಬ್ಯಾಟರಿ, ಸ್ಟಾರ್ಟರ್, ಆಲ್ಟರ್ನೇಟರ್, ಹೆಡ್‌ಲೈಟು, ಒಂದೆರಡು ಮೀಟರು. ಡೀಸೆಲ್ ಪಂಪು ಶುದ್ಧ ಯಾಂತ್ರಿಕ. ಎಷ್ಟೋ ಗಾಡಿಗಳಲ್ಲಿ ಇಂಜಿನ್ ಆಫ್ ಮಾಡೋಕೂ ಒಂದು ಕೇಬಲ್ ಎಳೀಬೇಕಿತ್ತು. ರೋಗ ಏನು ಅಂತ ಯಂತ್ರ ಬಾಯಿಬಿಟ್ಟು ಹೇಳುತ್ತಿರಲಿಲ್ಲ, ಮೆಕ್ಯಾನಿಕ್ಕೇ ಹೊಗೆಯ ಬಣ್ಣ ನೋಡಿ, ಸದ್ದು ಕೇಳಿ, ಆಯಿಲ್ ಮೂಸಿ ಕಂಡುಹಿಡಿಯಬೇಕಿತ್ತು. ಎಲೆಕ್ಟ್ರಿಷಿಯನ್ ಹತ್ತಿರ ಇದ್ದ ಆಯುಧ ಒಂದೇ, ಟೆಸ್ಟ್ ಲ್ಯಾಂಪು. ಒಂದು ಬಲ್ಬು, ಎರಡು ವೈರು. ಉರಿದರೆ ಕರೆಂಟ್ ಇದೆ, ಇಲ್ಲದಿದ್ದರೆ ಇಲ್ಲ.

ಯಂತ್ರಕ್ಕೆ ಬಾಯಿ ಬಂದದ್ದು ಕಾರಿನ ಕಡೆಯಿಂದ, ಅದೂ ಹೊಗೆಯ ಕಾನೂನಿನಿಂದ. ಅಮೆರಿಕಾದಲ್ಲಿ, ಅದರಲ್ಲೂ ಕ್ಯಾಲಿಫೋರ್ನಿಯಾದಲ್ಲಿ, ಹೊಗೆ ಕಮ್ಮಿ ಮಾಡಲೇಬೇಕು ಅಂದಾಗ ಪೆಟ್ರೋಲು ಗಾಳಿ ಬೆರೆಸೋ ಕೆಲಸಕ್ಕೆ ಕಂಪ್ಯೂಟರ್ ಬೇಕಾಯಿತು. 1981ರಲ್ಲಿ ಜನರಲ್ ಮೋಟಾರ್ಸ್ ತನ್ನ ಕಾರುಗಳಿಗೆ ಅಂಥ ಕಂಪ್ಯೂಟರನ್ನೂ, ಅದಕ್ಕೆ ಏನಾದರೂ ಕಷ್ಟ ಬಂದರೆ ಹತ್ತಿಕೊಳ್ಳುವ ಒಂದು ದೀಪವನ್ನೂ ಕೊಟ್ಟಿತು. ಡ್ಯಾಶ್‌ಬೋರ್ಡಿನ ಕೆಳಗೆ ಎರಡು ಪಿನ್ನುಗಳನ್ನು ತುಂಡು ವೈರಿನಿಂದ ಸೇರಿಸಿದರೆ ದೀಪ ಮಿಣುಕುತ್ತಿತ್ತು. ಒಂದು ಮಿಣುಕು, ಸ್ವಲ್ಪ ಬಿಡುವು, ಮತ್ತೆ ಎರಡು ಮಿಣುಕು ಅಂದರೆ 12. ಈ ನಂಬರುಗಳಲ್ಲಿ 14 ಮತ್ತು 15 ಎರಡೂ ನೀರಿನ ಬಿಸಿ ಅಳೆಯೋ ಸೆನ್ಸರಿಗೆ ಸೇರಿದವು. ಒಂದೇ ಸೆನ್ಸರಿಗೆ ಎರಡು ನಂಬರು ಯಾಕೆ? ಇದನ್ನು ನೆನಪಿಟ್ಟುಕೊಳ್ಳಿ, ಚಿಕ್ಕಪ್ಪನ ಹನ್ನೊಂದು ದಿನದ ಉತ್ತರ ಇದರಲ್ಲೇ ಇದೆ.

ಮಣ್ಣು ಅಗೆಯೋ ಯಂತ್ರದ ದಾರಿ ಮಾತ್ರ ಬೇರೆ. ಅಲ್ಲಿ ಕಂಪ್ಯೂಟರು ಮೊದಲು ಬಂದದ್ದು ಇಂಜಿನ್ನಿಗಲ್ಲ, ಹೈಡ್ರಾಲಿಕ್ ಪಂಪಿಗೆ. ಕಾರಣ ಹೊಗೆ ಅಲ್ಲ, ಡೀಸೆಲ್ ಉಳಿತಾಯ. ಪಂಪು ಎಷ್ಟು ಎಳೀಬೇಕು ಅಂತ ಇಂಜಿನ್ನಿನ ವೇಗ ನೋಡಿ ಕ್ಷಣಕ್ಷಣಕ್ಕೂ ತೀರ್ಮಾನ ಮಾಡೋ ಪುಟ್ಟ ಪೆಟ್ಟಿಗೆ ಅದು. ಕೊಮಾಟ್ಸು ಪಿಸಿ 200-6 ಅನ್ನೋ ಮಾಡೆಲ್ ಬೆಂಗಳೂರಿನಲ್ಲೂ ತಯಾರಾಗುತ್ತಿತ್ತು. ಅದರ ಆಪರೇಟರುಗಳನ್ನು ಕೇಳಿ ನೋಡಿ, "ಇ-ಸೊನ್ನೆ-ಎರಡು" ಅಂದರೆ ಥಟ್ಟನೆ ಅರ್ಥ ಆಗುತ್ತೆ. ಪಂಪನ್ನು ಹಿಡಿತದಲ್ಲಿಡುವ ಕರೆಂಟಿನ ದಾರಿಯಲ್ಲಿ ದೋಷ ಅಂತ. ಆಗ ಕ್ಯಾಬಿನ್ನಿನಲ್ಲಿ ಒಂದು ತುರ್ತು ಸ್ವಿಚ್ ಒತ್ತಿದರೆ ಕಂಪ್ಯೂಟರನ್ನು ಬದಿಗಿಟ್ಟು ಯಂತ್ರ ಹೇಗೋ ಕೆಲಸ ಮುಂದುವರಿಸುತ್ತೆ. ನನಗೆ ಇದು ಬಹಳ ಇಷ್ಟವಾಯಿತು. "ನನಗೆ ಹುಷಾರಿಲ್ಲ, ಆದರೂ ಇವತ್ತಿನ ಕೆಲಸ ಮುಗಿಸಿಕೋ" ಅನ್ನೋ ಯಂತ್ರ! ಹಿಟಾಚಿಯವರಂತೂ ರೋಗ ಓದೋ ಕೈಪೆಟ್ಟಿಗೆಗೆ "ಡಾಕ್ಟರ್ ಇಎಕ್ಸ್" ಅಂತಲೇ ಹೆಸರಿಟ್ಟಿದ್ದರು.

ತೊಂದರೆ ಏನಂದರೆ ಒಂದೊಂದು ಕಂಪನಿಗೂ ಒಂದೊಂದು ಭಾಷೆ. ಒಬ್ಬರ ಇ02 ಇನ್ನೊಬ್ಬರಿಗೆ ಗೊತ್ತಿಲ್ಲ. ಒಂದೇ ಭಾಷೆ ಬಂದದ್ದು ವೈರಿನ ರಗಳೆ ತಪ್ಪಿಸೋಕೆ ಹೋಗಿ. ಗಾಡಿಯಲ್ಲಿ ಕಂಪ್ಯೂಟರುಗಳು ಎರಡು ಮೂರಾದಾಗ ಒಂದರಿಂದ ಇನ್ನೊಂದಕ್ಕೆ ಎಳೆಯೋ ವೈರು ಕಟ್ಟುಗಟ್ಟಲೆ ಆಯಿತು. 1986ರಲ್ಲಿ ಜರ್ಮನಿಯ ಬಾಷ್ ಕಂಪನಿ ಕ್ಯಾನ್ ಅನ್ನೋ ವ್ಯವಸ್ಥೆಯನ್ನು ಡೆಟ್ರಾಯಿಟಿನಲ್ಲಿ ಜಗತ್ತಿಗೆ ತೋರಿಸಿತು. ಹೆಣೆದ ಎರಡೇ ವೈರು, ಎಲ್ಲರೂ ಅದರ ಮೇಲೇ ಮಾತಾಡಬೇಕು. ಊರ ಅರಳಿಕಟ್ಟೆ ಇದ್ದ ಹಾಗೆ, ಯಾರು ಮಾತಾಡಿದರೂ ಎಲ್ಲರಿಗೂ ಕೇಳುತ್ತೆ, ತನಗೆ ಬೇಕಾದವನು ಕಿವಿಗೆ ಹಾಕ್ಕೋತಾನೆ. 1990ರ ದಶಕದಲ್ಲಿ ಅಮೆರಿಕಾದ ವಾಹನ ಇಂಜಿನಿಯರುಗಳ ಸಂಘ ಎಸ್‌ಎಇ, ಲಾರಿ ಮತ್ತು ಭಾರೀ ಯಂತ್ರಗಳಿಗಾಗಿ ಇದರ ಮೇಲೆ ಜೆ1939 ಅನ್ನೋ ನಿಯಮಾವಳಿ ಮಾಡಿತು. ಚಿಕ್ಕಪ್ಪನ 110 ಮತ್ತು 4 ಹುಟ್ಟಿದ್ದು ಅಲ್ಲಿ.

ಸಾಫ್ಟ್‌ವೇರಿನವನು ನಾನು, ಇಷ್ಟು ಹೇಳದೇ ಹೋದರೆ ಸಮಾಧಾನ ಇಲ್ಲ. ಜೆ1939ರಲ್ಲಿ ಒಂದು ರೋಗದ ವಿವರ ಪೂರ್ತಿ ನಾಲ್ಕೇ ಬೈಟು. 32 ಬಿಟ್‌ಗಳಲ್ಲಿ 19 ಬಿಟ್ "ಯಾವುದು" ಅನ್ನೋದಕ್ಕೆ, ಇದು ಎಸ್‌ಪಿಎನ್. 5 ಬಿಟ್ "ಏನಾಗಿದೆ" ಅನ್ನೋದಕ್ಕೆ, ಇದು ಎಫ್‌ಎಂಐ. 7 ಬಿಟ್ ಎಷ್ಟು ಸಲ ಆಯಿತು ಅನ್ನೋ ಲೆಕ್ಕಕ್ಕೆ, ಉಳಿದ ಒಂದು ಬಿಟ್ ಎಸ್‌ಪಿಎನ್ ಓದೋ ಕ್ರಮಕ್ಕೆ. ಎಸ್‌ಪಿಎನ್ 100 ಅಂದರೆ ಇಂಜಿನ್ ಆಯಿಲ್ ಪ್ರೆಷರ್, 110 ಅಂದರೆ ರೇಡಿಯೇಟರ್ ನೀರಿನ ಬಿಸಿ.

ಅಲ್ಲಿಗೆ ಊರಿನಲ್ಲಿ ಎಡವಟ್ಟು ಆಗಿದ್ದು ಎಲ್ಲಿ ಅಂತ ಗೊತ್ತಾಯಿತು. ಮೊದಲು ಬಂದ ಮೆಕ್ಯಾನಿಕ್ ಯಾರನ್ನೋ ಫೋನಲ್ಲಿ ಕೇಳಿ "110 ಅಂದ್ರೆ ನೀರು ಬಿಸಿ, ಇಂಜಿನ್ ಹೀಟ್ ಆಗ್ತಿದೆ" ಅಂತ ತಿಳಿದುಕೊಂಡಿದ್ದ. ರೇಡಿಯೇಟರ್ ಬಿಚ್ಚಿ ತೊಳೆಸಿದ್ದಾಯಿತು. ಥರ್ಮೋಸ್ಟಾಟ್ ಬದಲಾಯಿತು. ವಾಟರ್ ಪಂಪ್ ಬದಲಾಯಿತು. ಸೆನ್ಸರು ಎರಡು ಸಲ. ಆದರೆ ಇಂಜಿನ್ನು ಮುಟ್ಟಿದರೆ ಬೆಚ್ಚಗೂ ಇರಲಿಲ್ಲ! 110ನ್ನು ಎಲ್ಲರೂ ಓದಿದರು, ಪಕ್ಕದ 4ನ್ನು ಯಾರೂ ಓದಲಿಲ್ಲ.

ನೀರಿನ ಬಿಸಿಯ ಸೆನ್ಸರ್ ಒಳಗೆ ಇರೋದು ಒಂದು ಥರ್ಮಿಸ್ಟರ್. ತಣ್ಣಗಿದ್ದಾಗ ಅದರ ರೆಸಿಸ್ಟೆನ್ಸ್ ಸಾವಿರಾರು ಓಮ್, ನೀರು ಕುದಿಯೋ ಹೊತ್ತಿಗೆ ಕೆಲವು ನೂರಕ್ಕೆ ಇಳಿಯುತ್ತೆ. ಕಂಪ್ಯೂಟರು ತನ್ನೊಳಗಿನ ಒಂದು ರೆಸಿಸ್ಟರ್ ಮೂಲಕ 5 ವೋಲ್ಟ್ ಕಳಿಸಿ, ವೈರಿನ ಮೇಲೆ ಎಷ್ಟು ವೋಲ್ಟ್ ಉಳಿದಿದೆ ಅಂತ ನೋಡುತ್ತೆ. ಬಿಸಿ ಏರಿದ ಹಾಗೆ ವೋಲ್ಟೇಜ್ ಇಳಿಯುತ್ತೆ. ಅದಕ್ಕೆ ನೀರು ಕಾಣೋದಿಲ್ಲ, ವೋಲ್ಟ್ ಮಾತ್ರ ಕಾಣುತ್ತೆ. ಆ ವೈರು ಎಲ್ಲಾದರೂ ಬಾಡಿಗೆ ತಗುಲಿದರೆ ವೋಲ್ಟೇಜ್ ಸೊನ್ನೆಯ ಹತ್ತಿರ ಬರುತ್ತೆ, ಅಂದರೆ ಲೆಕ್ಕದಲ್ಲಿ ಅಸಾಧ್ಯವಾದಷ್ಟು ಬಿಸಿ. ವೈರು ಕಿತ್ತುಹೋದರೆ 5 ವೋಲ್ಟ್ ಹಾಗೇ ನಿಲ್ಲುತ್ತೆ, ಅಂದರೆ ಹಿಮಾಲಯದ ಚಳಿ. ಎರಡೂ ನಂಬೋ ಮಾತಲ್ಲ ಅಂತ ಕಂಪ್ಯೂಟರಿಗೆ ಗೊತ್ತು. ಮೊದಲನೆಯದಕ್ಕೆ ಎಫ್‌ಎಂಐ 4, ಎರಡನೆಯದಕ್ಕೆ 3. ನಿಜವಾಗಿ ನೀರು ಕುದಿಯುತ್ತಿದ್ದರೆ ಮಾತ್ರ 0. 1981ರ ಕಾರಿನ 14 ಮತ್ತು 15 ಕೂಡ ಇದೇ, ಒಂದು ವೋಲ್ಟೇಜ್ ಕೆಳಗೆ ಬಿದ್ದದ್ದು, ಇನ್ನೊಂದು ಮೇಲೆ ನಿಂತದ್ದು. ಹೀಗಾಗಿ ನನ್ನ ಪ್ರಕಾರ ಇವನ್ನು ರೋಗದ ನಂಬರು ಅನ್ನೋದೇ ತಪ್ಪು. ಇದು ಯಂತ್ರ ಕೊಡೋ ದೂರು ಅಷ್ಟೆ. "ನನ್ನ ಈ ವೈರಿನಲ್ಲಿ ನನಗೆ ಹೀಗೆ ಕಾಣ್ತಿದೆ" ಅಂತ ಹೇಳುತ್ತೆ, ಯಾಕೆ ಅಂತ ಹೇಳೋದಿಲ್ಲ.

ಶನಿವಾರ ರೈಲಿನಲ್ಲಿ ತಿಪಟೂರಿಗೆ ಹೋಗಿ, ಅಲ್ಲಿಂದ ಊರಿಗೆ ಹೋದೆ. ಚಿಕ್ಕಪ್ಪ ತಿಪಟೂರಿನಿಂದಲೇ ಒಬ್ಬ ಹಳೇ ಆಟೋ ಎಲೆಕ್ಟ್ರಿಷಿಯನ್ನನ್ನು ಕರೆಸಿದ್ದರು. ಅರವತ್ತು ದಾಟಿದವರು, ಲಾರಿಗಳ ಡೈನಮೋ ಕಾಲದಿಂದ ಕೆಲಸ ಮಾಡಿದವರು. ಅವರು ಮಾತಿಗೆ ಮುಂಚೆ ಯಂತ್ರಕ್ಕೆ ಒಂದು ಸುತ್ತು ಹಾಕಿ ಬಂದು, "ಇದು ಗುಡ್ಡದ ಗಾಡಿ ಅಲ್ವಾ ಯಜಮಾನ್ರೇ?" ಅಂದರು.

ಹೌದು, ಗುಡ್ಡದ್ದೇ. ಇಲ್ಲಿ ಸ್ವಲ್ಪ ಹಿಂದಕ್ಕೆ ಹೋಗಬೇಕು. ನಮ್ಮ ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ಗುಡ್ಡಗಳಲ್ಲಿ ಕಬ್ಬಿಣ, ಮ್ಯಾಂಗನೀಸ್ ಎರಡೂ ಇವೆ. ಚೀನಾಕ್ಕೆ ಅದಿರು ಹೋಗೋಕೆ ಶುರುವಾದ ಮೇಲೆ ಬಳ್ಳಾರಿಯ ಕಥೆ ಎಲ್ಲರಿಗೂ ಗೊತ್ತು, ನಮ್ಮದು ಅಷ್ಟು ಸುದ್ದಿ ಆಗಲಿಲ್ಲ. ನಾನು ಹೈಸ್ಕೂಲಿಗೆ ಹೋಗುವಾಗ ಲಾರಿ ಓಡಾಡೋ ರಸ್ತೆ ಪಕ್ಕದ ತೆಂಗಿನ ಗರಿಗಳು ಕೆಂಪಗಿರುತ್ತಿದ್ದವು. 2011ರ ಜುಲೈ 29ಕ್ಕೆ ಸುಪ್ರೀಂ ಕೋರ್ಟು ಬಳ್ಳಾರಿಯಲ್ಲಿ ಗಣಿಗಾರಿಕೆ ನಿಲ್ಲಿಸಿತು, ಆಗಸ್ಟ್ 26ಕ್ಕೆ ಅದೇ ಆದೇಶ ಚಿತ್ರದುರ್ಗ ಮತ್ತು ತುಮಕೂರು ಜಿಲ್ಲೆಗಳಿಗೂ ಬಂತು. ಅಂತಿಮ ತೀರ್ಪು 2013ರ ಏಪ್ರಿಲ್ 18ರಂದು. ತೋಟದವರಿಗೆ ಧೂಳು ನಿಂತಿತು, ಒಳ್ಳೆಯದೇ ಆಯಿತು. ಆದರೆ ಕಂತಿನ ಮೇಲೆ ಲಾರಿ, ಯಂತ್ರ ತಗೊಂಡಿದ್ದವರ ಪಾಡು ಬೇರೆ. ಚಿಕ್ಕಪ್ಪನ ಯಂತ್ರ ಗುಡ್ಡದಲ್ಲಿ ದುಡಿದು, ನಿಂತು, ಅಲ್ಲಿಂದ ಇಬ್ಬರ ಕೈದಾಟಿ ನಮ್ಮ ತೋಟಕ್ಕೆ ಬಂದದ್ದು. ಬಣ್ಣ ಹೊಸದಾಗಿ ಹೊಡೆದಿದ್ದರು. ಗಂಟೆಯ ಮೀಟರು ಮಾತ್ರ ವಯಸ್ಸಿಗೆ ತಕ್ಕ ಲೆಕ್ಕ ತೋರಿಸುತ್ತಿರಲಿಲ್ಲ, ಯಾವುದೋ ಒಡೆಯ ಅದರ ವೈರು ಕಿತ್ತಿಟ್ಟ ಕಾಲವೂ ಒಂದಿರಬೇಕು.

ಹೆಂಗೆ ಗೊತ್ತಾಯ್ತು ಅಂತ ಮೇಸ್ತ್ರಿಯನ್ನು ಕೇಳಿದೆ. ಅವರು ಇಂಜಿನ್ ಹಿಂದಿನ ಸಂದಿಯಲ್ಲಿ ಬೆರಳಾಡಿಸಿ ತೋರಿಸಿದರು, ಬೆರಳು ಕೆಂಪು. ಎಷ್ಟು ತೊಳೆದರೂ ಆ ಧೂಳು ಅಲ್ಲಿಂದ ಹೋಗೋದಿಲ್ಲವಂತೆ.

ನಾನು ಎಫ್‌ಎಂಐ ವಿಷಯ ಹೇಳಿದೆ. ಅವರು ಗಮನ ಇಟ್ಟು ಕೇಳಿ, "ಹಂಗಾದ್ರೆ ಸೆನ್ಸರ್ ಪಿನ್ ಕಿತ್ತಾಕಿದ್ರೆ ನಾಲ್ಕು ಹೋಗಿ ಮೂರು ಬರ್ಬೇಕಲ್ವೇನಪ್ಪ?" ಅಂದರು. ನಾನು ಒಂದು ಸಂಜೆಯೆಲ್ಲ ಓದಿ ತಿಳಿದದ್ದು ಅವರಿಗೆ ಒಂದು ನಿಮಿಷದಲ್ಲಿ ಹೊಳೆದಿತ್ತು! ಪಿನ್ ಕಿತ್ತು ಕೀ ತಿರುಗಿಸಿದೆವು. ಬಂದದ್ದು 4ನೇ. ಸೆನ್ಸರೇ ಇಲ್ಲದಾಗಲೂ ವೋಲ್ಟೇಜ್ ಕೆಳಗೇ ಇದೆ ಅಂದರೆ ತಪ್ಪು ಸೆನ್ಸರಿನದಲ್ಲ, ದಾರಿಯದು. ಅಲ್ಲಿಗೆ ಎರಡು ಸೆನ್ಸರು, ಒಂದು ವಾಟರ್ ಪಂಪು, ಒಂದು ಥರ್ಮೋಸ್ಟಾಟು, ಎಲ್ಲವೂ ದಂಡ. ಚಿಕ್ಕಪ್ಪ ಏನೂ ಮಾತಾಡಲಿಲ್ಲ, ತೆಂಗಿನ ಮರಕ್ಕೆ ಒರಗಿ ಕೂತುಬಿಟ್ಟರು.

ಮೇಸ್ತ್ರಿ ಟೆಸ್ಟ್ ಲ್ಯಾಂಪ್ ತೆಗೆದಾಗ ಮಾತ್ರ ನಾನು ಬೇಡ ಅಂದೆ. ಬಲ್ಬು ಎಳೆಯೋ ಕರೆಂಟು ಈ ಸಣ್ಣ ವೈರುಗಳಿಗೆ ಹೆಚ್ಚು, ಕಂಪ್ಯೂಟರೇ ಸುಟ್ಟರೆ ಯಂತ್ರದ ಕಥೆ ಮುಗಿಯಿತು. ಬ್ಯಾಟರಿ ಕಳಚಿ, ಕಂಪ್ಯೂಟರಿನ ಕನೆಕ್ಟರ್ ಬಿಚ್ಚಿ, ಮಲ್ಟಿಮೀಟರಿನ ಒಂದು ಕಡ್ಡಿ ಸೆನ್ಸರ್ ವೈರಿಗೆ, ಇನ್ನೊಂದು ಬಾಡಿಗೆ ಹಿಡಿದೆ. ಪೀಂಯ್ ಅಂತು. ಮುಂದಿನ ಕೆಲಸ ಪೂರ್ತಿ ಅವರದು. ಬೆರಳಿನಿಂದ ವೈರಿನ ಕಟ್ಟನ್ನು ಗೇಣು ಗೇಣಾಗಿ ಅಲುಗಿಸುತ್ತಾ ಬಂದರು. ನನ್ನ ಕೆಲಸ ಪೀಂಯ್ ನಿಲ್ಲುತ್ತಾ ಅಂತ ಕಿವಿಗೊಡೋದು ಅಷ್ಟೆ. ಮುಕ್ಕಾಲು ಗಂಟೆ ಆದಮೇಲೆ ಇಂಜಿನ್ ಹಿಂದೆ ಒಂದು ಪಟ್ಟಿಯ ಹತ್ತಿರ ಸದ್ದು ನಿಂತಿತು, ಬಿಟ್ಟರೆ ಮತ್ತೆ ಬಂತು.

ಅಲ್ಲಿ ಕಪ್ಪು ಟೇಪು ದಪ್ಪಗೆ ಸುತ್ತಿತ್ತು. ಬಿಚ್ಚಿದರೆ ಒಳಗೆ ಬೇರೆ ಬಣ್ಣದ ಟೇಪು. ಅದರ ಕೆಳಗೆ ಕಂಪನಿಯ ವೈರಿಗೆ ಯಾರೋ ಕೆಂಪು ವೈರು ತಿರುಚಿ ಸೇರಿಸಿದ್ದರು. ಅದರ ಪಕ್ಕ ಕತ್ತರಿಸಿ ಬಿಟ್ಟ ರೆಸಿಸ್ಟರಿನ ಒಂದು ಕಾಲು. ಆ ಕಾಲು ಟೇಪು ತೂತು ಮಾಡಿಕೊಂಡು ಕಬ್ಬಿಣದ ಪಟ್ಟಿಗೆ ತಾಗುತ್ತಿತ್ತು.

ಮೇಸ್ತ್ರಿ ನಕ್ಕುಬಿಟ್ಟರು. ಅವರ ಊಹೆ ಹೀಗೆ. ಗುಡ್ಡದಲ್ಲಿ ರೇಡಿಯೇಟರಿಗೆ ಧೂಳು ತುಂಬಿ ಇಂಜಿನ್ ನಿಜವಾಗಿಯೇ ಬಿಸಿಯಾಗುತ್ತಿತ್ತು, ಕಂಪ್ಯೂಟರು ಪದೇ ಪದೇ ಜೋರು ಇಳಿಸುತ್ತಿತ್ತು. ಲೋಡಿನ ಲೆಕ್ಕದಲ್ಲಿ ದುಡ್ಡು ಬರುವಾಗ ಯಂತ್ರ ನಿಲ್ಲಿಸೋಕೆ ಆಗುತ್ತಾ? ಸೆನ್ಸರ್ ಬದಲು ಒಂದು ರೆಸಿಸ್ಟರ್ ಬೆಸೆದು "ನೀರು ತಣ್ಣಗಿದೆ" ಅಂತ ಕಂಪ್ಯೂಟರಿಗೆ ಸುಳ್ಳು ಹೇಳಿಸಿದ್ದಾರೆ. ಮಾರುವಾಗ ಮತ್ತೊಬ್ಬರು ಅದನ್ನು ಕತ್ತರಿಸಿ ಸೆನ್ಸರ್ ವಾಪಸ್ ಜೋಡಿಸಿದ್ದಾರೆ, ಕಾಲು ಮಾತ್ರ ಉಳಿದಿದೆ. ಸೆಕೆಂಡ್ ಹ್ಯಾಂಡ್ ಯಂತ್ರ ಕೊಂಡವನು ಹಿಂದಿನವರ ಸುಳ್ಳನ್ನೂ ಜೊತೆಗೇ ಕೊಂಡಿರುತ್ತಾನೆ. ಅದರ ಕಾಗದ ಪತ್ರದಲ್ಲಿ ಇದೆಲ್ಲ ಇರೋದಿಲ್ಲ, ಟೇಪಿನ ಪದರಗಳಲ್ಲಿ ಇರುತ್ತೆ. ವೈರು ಸರಿಯಾಗಿ ಬೆಸೆದು, ತೋಳು ಹಾಕಿ, ಪಟ್ಟಿಯಿಂದ ದೂರ ಕಟ್ಟಿದರು. ಖರ್ಚು ಅವರ ಕೂಲಿ ಮತ್ತು ಒಂದು ಗೇಣು ವೈರು.

ಅಂದ ಹಾಗೆ ಈ ನಂಬರು ಪರದೆ ಮೇಲೆ ಕಂಡದ್ದೇ ನಮ್ಮ ಪುಣ್ಯ. ಎಷ್ಟೋ ಯಂತ್ರಗಳಲ್ಲಿ ಪೂರ್ತಿ ಓದಬೇಕಾದರೆ ಕಂಪನಿಯ ಸಾಫ್ಟ್‌ವೇರ್, ಅದರ ಕೇಬಲ್, ಪರವಾನಗಿ ಎಲ್ಲ ಬೇಕು. ಕಮಿನ್ಸ್ ಇಂಜಿನ್ನಿಗೆ ಇನ್‌ಸೈಟ್, ಕ್ಯಾಟರ್‌ಪಿಲ್ಲರಿಗೆ ಇಟಿ, ಜೆಸಿಬಿಗೆ ಸರ್ವೀಸ್ ಮಾಸ್ಟರ್. ಕಾರುಗಳ ವಿಷಯದಲ್ಲಿ ಈ ಜಗಳ ನಮ್ಮ ದೇಶದಲ್ಲೂ ನಡೆದಿದೆ. 2014ರ ಆಗಸ್ಟ್ 25ರಂದು ಸ್ಪರ್ಧಾ ಆಯೋಗ 14 ಕಾರು ಕಂಪನಿಗಳಿಗೆ ಒಟ್ಟು 2,500 ಕೋಟಿ ರೂಪಾಯಿಗೂ ಹೆಚ್ಚು ದಂಡ ಹಾಕಿತು. ಬಿಡಿಭಾಗ ಮತ್ತು ರೋಗ ಓದೋ ಉಪಕರಣಗಳನ್ನು ಹೊರಗಿನ ಗ್ಯಾರೇಜಿನವರಿಗೆ ಸಿಗದ ಹಾಗೆ ಮಾಡಿದ್ದಾರೆ ಅನ್ನೋದೂ ಅದಕ್ಕೆ ಒಂದು ಕಾರಣ. ಅದರ ಮೇಲ್ಮನವಿಗಳ ಕಥೆ ಉದ್ದ ಇದೆ, ಇಲ್ಲಿ ಬೇಡ. 2022ರ ಜುಲೈನಲ್ಲಿ ಕೇಂದ್ರ ಸರ್ಕಾರ ರಿಪೇರಿ ಹಕ್ಕಿನ ಬಗ್ಗೆ ಸಮಿತಿ ಮಾಡಿ, ಅದೇ ಡಿಸೆಂಬರ್ 24ಕ್ಕೆ ಒಂದು ವೆಬ್‌ಸೈಟನ್ನೂ ತೆರೆಯಿತು. ಆ ಪಟ್ಟಿಯಲ್ಲಿ ಫೋನು, ಮನೆಯ ಸಾಮಾನು, ವಾಹನ, ಕೃಷಿ ಉಪಕರಣ ಇವೆ. ಕೆರೆ ಗೋಡು ತೆಗೆಯೋ ಹಿಟಾಚಿ ಕೃಷಿ ಉಪಕರಣವೋ ಅಲ್ಲವೋ, ನೀವೇ ಹೇಳಿ.

ಮುಂದೆ ಈ ನಂಬರುಗಳು ಹೆಚ್ಚಾಗೋದೇ ಹೊರತು ಕಮ್ಮಿ ಆಗೋದಿಲ್ಲ. ಚಕ್ರದ ಯಂತ್ರಗಳಿಗೆ ಹೊಗೆಯ ನಿಯಮ 2011ರಲ್ಲಿ ಬಿಎಸ್-3, 2021ರ ಏಪ್ರಿಲ್‌ನಲ್ಲಿ ಬಿಎಸ್-4, 2025ರ ಜನವರಿಯಲ್ಲಿ ಬಿಎಸ್-5 ಆಯಿತು. ಹಳೇ ಜೆಸಿಬಿಯ ಯಾಂತ್ರಿಕ ಡೀಸೆಲ್ ಪಂಪಿನ ಜಾಗಕ್ಕೆ ಕಂಪ್ಯೂಟರು ಬಂದಿದೆ. ಇವತ್ತು ಷೋರೂಮಿನಲ್ಲಿ ಹೊಳೆಯುತ್ತಿರೋ ಯಂತ್ರ ಹತ್ತು ವರ್ಷ ಬಿಟ್ಟು ಯಾವ ತೋಟದ ಮೂಲೆಗೆ ಬರುತ್ತೋ, ಒಳಗೆ ಯಾರ ಟೇಪು ಸುತ್ತಿಕೊಂಡಿರುತ್ತೋ.

ಆ ಶನಿವಾರ ಸಂಜೆ ಯಂತ್ರ ಶುರುವಾದ ಮೇಲೆ ಮೇಸ್ತ್ರಿ ಒಂದು ರಟ್ಟು ಕೊಟ್ಟು ಅದರ ಮೇಲೆ ಕನ್ನಡದಲ್ಲಿ ಬರೆದುಕೊಡು ಅಂದರು. ಸೀಟಿನ ಪಕ್ಕ ಅದು ಈಗಲೂ ನೇತಾಡುತ್ತಿದೆ. ಸೊನ್ನೆ: ನಿಜವಾಗ್ಲೂ ಜಾಸ್ತಿ ಆಗಿದೆ, ಗಾಡಿ ನಿಲ್ಸು. ಒಂದು: ನಿಜವಾಗ್ಲೂ ಕಮ್ಮಿ ಆಗಿದೆ, ನಿಲ್ಸು. ಎರಡು: ಒಂದೊಂದ್ಸಲ ಒಂದೊಂಥರ, ಕನೆಕ್ಟರ್ ನೋಡು. ಮೂರು: ವೋಲ್ಟೇಜ್ ಮೇಲೆ. ನಾಲ್ಕು: ವೋಲ್ಟೇಜ್ ಕೆಳಗೆ, ವೈರು ಎಲ್ಲೋ ತಾಗ್ತಿದೆ. ಐದು: ವೈರು ಕಟ್ಟಾಗಿದೆ. ಕೊನೆಯ ಸಾಲು ಚಿಕ್ಕಪ್ಪನೇ ಪೆನ್ನು ಇಸ್ಕೊಂಡು ಸೇರಿಸಿದ್ದು: "ಎರಡೂ ನಂಬರ್ ಓದದೆ ಯಾವ್ ಸಾಮಾನೂ ತರಬಾರದು."

ನಿಮ್ಮ ಕಡೆ ಈ ಯಂತ್ರಕ್ಕೆ ಏನಂತಾರೆ? ಹಿಟಾಚಿಯೋ, ಪೋಕ್ಲೇನೋ, ಬೇರೆ ಏನಾದರೂ ಇದೆಯೋ? ಗೊತ್ತಿದ್ದವರು ಬರೆಯಿರಿ.